ಚಕ್ರವರ್ತಿಯ ಮಣ್ಣಿಗೆ ಹೋದವರು

ನನಗೆ ಕೋಪ ಮೂಗಿನ ತುದಿಯಲ್ಲೇ. ಜೊತೆಗೆ ಕೈಯಲ್ಲಿ ಕೆಂಪು ಪೆನ್ನೂ ಇದ್ದುಬಿಟ್ಟರೆ ಕೇಳಬೇಕೇ? ನಾವು ಬಂದು ನೆಲೆಸಿದ ಪರದೇಶದ ಊರು ಸುಬಾಂಗ್ ಜಯಾದ ಕಾಲೇಜಿನಲ್ಲಿ ಪಾಠ ಹೇಳುವುದು ನಿಂತ ಮೇಲೆ ವಿದ್ಯಾರ್ಥಿಗಳ ಪ್ರಬಂಧಗಳ ಇಂಗ್ಲಿಷ್ ತಿದ್ದಿಕೊಡುವ ಕೆಲಸ ಹಿಡಿದಿದ್ದೆ. ನಾನು ಗೆರೆ ಎಳೆಯುವ ರಭಸ ನೋಡಿ ನನ್ನ ಗಂಡ, "ನಿಂದು ಪೆನ್ನಾ, ಮಚ್ಚಾ?" ಎಂದು ಕಾಲೆಳೆಯುತ್ತಿದ್ದರು.

ಹೋದ ವರ್ಷ ಇಥಿಯೋಪಿಯಾದವನೊಬ್ಬ ಬಂದ. ಮೂವತ್ತರ ಆಸುಪಾಸು, ಮಾತು ಕಮ್ಮಿ. ಅವನ ವಿಷಯ ಅವರ ನಾಡಿನ ಒಬ್ಬ ಹಳೆಯ ಚಕ್ರವರ್ತಿ. ಪಾಪ, ಆತ ಪಟ್ಟದಲ್ಲಿ ಕೂತದ್ದು ಒಂದು ವರ್ಷದ ಆಚೀಚೆ. ಹಕ್ಕಿದ್ದರೂ ಮೊದಲು ಸೆರೆಯಲ್ಲಿಟ್ಟು ಒಂದು ಮಗುವನ್ನು ಪಟ್ಟಕ್ಕೇರಿಸಿದ್ದರು. ಆಮೇಲೆ ಸರದಾರರೇ ಇವನನ್ನು ಕರೆತಂದು ಕೂರಿಸಿದರು. ಆದರೆ ಇವನು ಅವರು ಕುಣಿಸಿದಂತೆ ಕುಣಿಯಲಿಲ್ಲ. ಸೈನ್ಯದ ಪದ್ಧತಿ ಬದಲಿಸಿದ, ಪರದೇಶದ ಪಾದ್ರಿಗಳ ಮಾತಿಗೆ ಕಿವಿಗೊಟ್ಟ. ಸಿಟ್ಟಾದ ಧರ್ಮಗುರು ಸೈನಿಕರನ್ನು ರಾಜನಿಷ್ಠೆಯ ಆಣೆಯಿಂದಲೇ ಬಿಡಿಸಿಬಿಟ್ಟ. ಅವನ ಜನವೇ ಅವನನ್ನು ರಣದಲ್ಲಿ ಕೊಂದರು.

ಅಲ್ಲಿಗೆ ಮುಗಿಯಬೇಕಿತ್ತು. ಈ ಪುಣ್ಯಾತ್ಮ ಇನ್ನೂ ಮೂರು ಪುಟ ಬರೆದಿದ್ದ. ಹೆಣ ಮೂರು ದಿನ ಬಯಲಲ್ಲೇ ಬಿದ್ದಿತ್ತಂತೆ. ಕೊನೆಗೆ ಆ ಸೀಮೆಯ ರೈತರು ಗುಂಡಿ ತೋಡಿ ಮಣ್ಣು ಮಾಡಿದರಂತೆ. ಮೊದಲ ಹಿಡಿ ಮಣ್ಣು ಯಾರು ಹಾಕಿದರು, ಆಗ ಏನೆಂದರು ಎಂಬುದನ್ನೆಲ್ಲ ಕಣ್ಣಾರೆ ಕಂಡವನ ಹಾಗೆ ಬರೆದಿದ್ದ. ಇದಕ್ಕೆ ಆಧಾರ ಎಲ್ಲಪ್ಪಾ ಎಂದೆ. ನಿನ್ನ ವಿಷಯ ಆಳ್ವಿಕೆ, ಆಳುವವನು ಸತ್ತಲ್ಲಿಗೆ ಅದೂ ಮುಗಿಯಿತು ಎಂದು ಕಡ್ಡಿ ಮುರಿದ ಹಾಗೆ ಹೇಳಿ ಮೂರೂ ಪುಟಕ್ಕೆ ಅಡ್ಡಗೆರೆ ಹೊಡೆದೆ. ಇರಲಿ ಮೇಡಂ ಎಂದು ಎರಡು ಸಲ ಕೇಳಿಕೊಂಡ. ನಾನು ಬಗ್ಗಲಿಲ್ಲ.

ಪದವಿ ಸಿಕ್ಕಿತು. ಪ್ರಬಂಧ ರಟ್ಟು ಕಟ್ಟಿಸಿಕೊಂಡು ಗ್ರಂಥಾಲಯ ಸೇರಿತು. ಮರುವಾರ ಮಾಮಕ್ ಅಂಗಡಿಗೆ, ಅಂದರೆ ಇಲ್ಲಿನ ತಮಿಳು ಮುಸ್ಲಿಮರ ಹೋಟೆಲಿಗೆ, ಚಹಾಕ್ಕೆ ಕರೆದ. ಮನೆಯವರಿಗೆ ಸಂತೋಷವಾಯಿತಾ ಎಂದು ಮಾತಿಗೆ ಕೇಳಿದೆ. ಅಮ್ಮನಿಗೆ ಆಯಿತು ಎಂದ. ಅಣ್ಣ ಇಲ್ಲವೆಂದು ಆಮೇಲೆ ಹೇಳಿದ. ಅವರ ಸೀಮೆಯಲ್ಲಿ ನಡೆದ ಯುದ್ಧದಲ್ಲಿ ಹೋದನಂತೆ. ಸತ್ತ ಸುದ್ದಿ ಬಂತು, ಹೆಣ ಬರಲಿಲ್ಲ. ಎಲ್ಲಿ ಬಿದ್ದ, ಯಾರಾದರೂ ಹೂತರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ನಮ್ಮ ಕಡೆ ಸತ್ತವರ ಅಂತ್ಯಕ್ರಿಯೆಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತೇವೆ. ವಿಮಾನಗಳೆಲ್ಲ ನಿಂತಿದ್ದ ಆ ಕೊರೊನಾ ಕಾಲದಲ್ಲಿ ನಮ್ಮಮ್ಮ ತೀರಿಕೊಂಡಾಗ ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ಎಲ್ಲವನ್ನೂ ಫೋನಿನಲ್ಲಿ ನೋಡಿದೆ. ಆ ಸಂಕಟ ಇನ್ನೂ ಹೊಟ್ಟೆಯಲ್ಲಿದೆ. ಅಂಥವಳಿಗೂ ಆ ಮೂರು ಪುಟ ಅರ್ಥವಾಗಲಿಲ್ಲವಲ್ಲ, ನನ್ನ ಓದಿಗಿಷ್ಟು ಬೆಂಕಿ ಹಾಕ.

ತಪ್ಪಾಯಿತು, ಮತ್ತೆ ಸೇರಿಸಲು ಆಗುತ್ತದಾ ವಿಚಾರಿಸೋಣ ಎಂದೆ. ಅವನು ಬೇಡವೆಂದು ತಲೆಯಾಡಿಸಿದ. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ, ಆದರೆ ಅವನು ಹೇಳಿದ್ದು ನನ್ನೊಳಗೆ ಕನ್ನಡದಲ್ಲೇ ಕೂತಿದೆ.

"ನಿಮ್ಮ ಹತ್ರ ತರೋಕೆ ಮುಂಚೆನೇ ಅದನ್ನ ಅಮ್ಮನಿಗೆ ಫೋನಲ್ಲಿ ಓದಿ ಹೇಳಿದ್ದೆ ಮೇಡಂ. ಹಾಗಾದ್ರೆ ನನ್ನ ಮಗನಿಗೂ ಯಾರೋ ರೈತರು ಮಣ್ಣು ಹಾಕಿರ್ತಾರೆ ಅಂದ್ಲು. ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಊಟ ಮಾಡಿದ್ಲಂತೆ. ಈಗ ಫೋನ್ ಮಾಡಿದಾಗೆಲ್ಲ ಕೇಳ್ತಾಳೆ, ಅದು ಪುಸ್ತಕದಲ್ಲಿ ಬಂತಲ್ವಾ ಅಂತ."

ನೀನೇನಂದೆ ಎಂದು ಕೇಳಿದೆ.

"ಬಂದಿದೆ ಅಂದಿದೀನಿ. ಮುಂದಿನ ತಿಂಗಳು ಊರಿಗೆ ಹೋಗ್ತೀನಿ. ಅವಳ ಮುಂದೆ ಪುಸ್ತಕದ ಕೊನೇ ಪುಟ ತೆಗೆದಿಟ್ಕೊಂಡು, ಅದನ್ನ ಬಾಯಲ್ಲೇ ಹೇಳ್ತೀನಿ. ಅವಳಿಗೆ ಓದೋಕೆ ಬರಲ್ಲ."