ನೀಲವ್ವನ ದನಿ ಒಡೆದ ಸಂಜೆ

ರೊಟ್ಟಿ ಕಟ್ಟಿದ ಗಂಟಿಗೊಂದು ಗುಣವಿದೆ, ಗೆಳೆಯರೇ: ಅದನ್ನು ಕಟ್ಟಿದ ಕೈ ಎಷ್ಟು ಅವಸರದಲ್ಲಿತ್ತು ಎಂಬುದನ್ನು ಅದು ಮುಚ್ಚಿಡಲಾರದು. ಆ ದಿನ ನನ್ನ ಅತ್ತೆ ಕಟ್ಟಿದ ಗಂಟು, ಬಂಡಿ ನಮ್ಮೂರು ಸವಡಿಯ ಅಗಸಿಬಾಗಿಲು ದಾಟುವಷ್ಟರಲ್ಲೇ ಸಡಿಲಾಗಿ ರೊಟ್ಟಿಗೆ ನೆಂಚುವ ಶೇಂಗಾ ಹಿಂಡಿ ನನ್ನ ಸೀರೆಯ ಮೇಲೆ ಸುರಿದಿತ್ತು. ಮನೆಯಲ್ಲಿ ಏರುದನಿಯ ಮಾತೊಂದನ್ನೂ ಆಡದ ಆಕೆ, ಬಂಡಿ ಹೊಡೆಯುತ್ತಿದ್ದ ಮಾವನವರಿಗೆ ಹಿಂದಿನಿಂದ, "ಲಗೂ ಹೊಡೀರಿ, ಹೊತ್ತ ಮುಳಗತೈತಿ" ಎಂದು ಎರಡು ಸಲ ಹೇಳಿದ್ದರು.

ನಾವು ಹೊರಟಿದ್ದು ಜಕ್ಕಲಿಗೆ, ನೀಲವ್ವನ ಗೀಗೀ ಪದ ಕೇಳಲು. ಕನ್ನಡನಾಡು ಒಂದಾಗುವ ಮಾತು ಊರೂರ ಕಟ್ಟೆಯ ಮೇಲೆ ಕಾವೇರಿದ್ದ ಕಾಲವದು; ಆದರೆ ನಮ್ಮ ಅಡಿಗೆಮನೆಯಲ್ಲಿ ನೀಲವ್ವನದೇ ರಾಜ್ಯ. ನರಗುಂದದ ಕಡೆಯ ಆಕೆಯನ್ನು ನಾವಿಬ್ಬರೂ ಹಿಂದೆ ಒಮ್ಮೆ ಮಾತ್ರ ಕೇಳಿದ್ದೆವು. ಅಂದಿನಿಂದ ಬೀಸುವಾಗ, ಕುಟ್ಟುವಾಗ ಅತ್ತೆ ತುಟಿಯೊಳಗೇ ಅವಳ ಪದ ಗುನುಗುವರು. ಮದುವೆಯಾಗಿ ವರ್ಷ ತುಂಬದ ನಾನು ಅದಕ್ಕೆ ದನಿಯಿಲ್ಲದೆ ತಲೆದೂಗುವೆ. ಅತ್ತೆ-ಸೊಸೆಯರ ನಡುವೆ ಮಾತಿಗಿಂತ ಮೊದಲು ಬೆಳೆದದ್ದು ಆ ಗುನುಗೇ.

ಅಂದು ಬರಿಯ ಹಾಡಿಕೆಯಲ್ಲ, ಸವಾಲು. ಗಂಡು ಹೆಚ್ಚೆಂದು ಹಾಡುವ ಮೇಳ ಒಂದು ಕಡೆ, ಹೆಣ್ಣು ಹೆಚ್ಚೆಂದು ಹಾಡುವ ನೀಲವ್ವ ಇನ್ನೊಂದು ಕಡೆ. ಕೇಳಿದ ಪ್ರಶ್ನೆಗೆ ಹಾಡಿನಲ್ಲೇ ಉತ್ತರ ಕೊಡಬೇಕು. ಕೊಡದವರು ತಮ್ಮ ಡಪ್ಪಿನ ಗೊಂಡೆ ಬಿಚ್ಚಿ ಎದುರಿನವರ ಕೈಗಿಡಬೇಕು. ಹಾಗೆ ಗೊಂಡೆ ಕಳೆದುಕೊಂಡವರನ್ನು ಮತ್ತೆ ಯಾವ ಊರೂ ಕರೆಯದು.

ಗ್ಯಾಸ್ ಬತ್ತಿ ಹೊತ್ತಿಸುವ ಹೊತ್ತಿಗಾಗಲೇ ನನಗೆ ದಿಗಿಲು ಶುರುವಾಗಿತ್ತು. ಹಿಮ್ಮೇಳಕ್ಕೆ ನಿಲ್ಲುತ್ತಿದ್ದ ಅವಳ ತಂಗಿ ಹೆರಿಗೆಗೆ ಹೋಗಿದ್ದಳಂತೆ. ತುಂತುಣಿಯ ತಂತಿ ಮೀಟುತ್ತಿದ್ದ ಅವಳ ಅಣ್ಣನಿಗೆ ಹಾಡಲು ಬಾರದು. ಹೀಗಾಗಿ ಪದವನ್ನೂ ಪಲ್ಲವಿಯನ್ನೂ ನೀಲವ್ವ ಒಬ್ಬಳೇ ಹೊತ್ತಿದ್ದಳು, ಎರಡೆತ್ತಿನ ಬಂಡಿಯನ್ನು ಒಂದೇ ಎತ್ತು ಎಳೆದಂತೆ. ಮೂರನೆಯ ಪದಕ್ಕೆ ದನಿ ಬಿರುಕು ಬಿಟ್ಟಿತು. ಎದುರಾಳಿ ಅದನ್ನು ಗುರುತಿಸಿ, ಡಪ್ಪು ಬಡಿದು ಮುಂದೆ ಬಂದ.

"ಭೂಮಿತಾಯಿ ಭೂಮಿತಾಯಿ ಅಂತ ಭಾಳ ಹಾಡಿದಿ! ಬೀಜ ಇಲ್ಲದ ಹೊಲದಾಗ ಏನ ಬೆಳೀತಾಳ ನಿನ್ನ ತಾಯಿ?"

ಗಂಡಸರು ಸಿಳ್ಳೆ ಹೊಡೆದರು. ನೀಲವ್ವ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಮತ್ತೊಮ್ಮೆ ತೆರೆದಳು. "ಗೊಂಡೆ ಬಿಚ್ಚು!" ಎಂದು ಯಾರೋ ಕೂಗಿದರು, ಕೂಗು ಸಾಲಿನಿಂದ ಸಾಲಿಗೆ ಹಬ್ಬಿತು. ಅವಳ ಕೈ ನಿಧಾನವಾಗಿ ಗೊಂಡೆಯ ಕಡೆ ಸರಿಯಿತು.

ಆಗ ನನ್ನ ಪಕ್ಕದಲ್ಲಿ ಯಾರೋ ಎದ್ದು ನಿಂತಂತಾಯಿತು. ಅತ್ತೆ! ತಲೆಯ ಮೇಲಿನ ಸೆರಗು ಬಿಗಿಹಿಡಿದು, ಕಣ್ಣು ಮುಚ್ಚಿ, ಪಲ್ಲವಿಯ ಸೊಲ್ಲು ಎತ್ತಿಬಿಟ್ಟರು. ಮುಂದಿನ ಸಾಲಿನಲ್ಲಿ ಹಿರಿಯರ ನಡುವೆ ಕುಳಿತಿದ್ದ ಮಾವನವರು ತಿರುಗಿ ನೋಡಿದರು. "ಅತ್ತಿ, ಕುಂದರ್ರಿ! ಮಾವ ನೋಡಾಕತ್ತಾರ" ಎಂದು ಸೀರೆ ಜಗ್ಗಿದೆ. ಅವರು ಕೂರಲಿಲ್ಲ.

"ಹೊರಗಿನವರು ಹಾಡಂಗಿಲ್ಲ!" ಎಂದ ಎದುರಾಳಿ.

ಹಿರಿಯರೊಬ್ಬರು ಕೈಯೆತ್ತಿದರು. "ಜವಾಬ ಆಕೀನ ಕೊಡಬೇಕು. ಸೊಲ್ಲ ಯಾರ ಹಿಡದರೂ ನಡೀತೈತಿ."

ಹೆಂಗಸರ ಸಾಲಿನಲ್ಲಿ ಇನ್ನೊಂದು ದನಿ ಎದ್ದಿತು, ಮತ್ತೊಂದು. ಸೊಲ್ಲಿನ ಭಾರ ಇಳಿದ ಮೇಲೆ ನೀಲವ್ವನ ಕೈ ಗೊಂಡೆಯನ್ನು ಬಿಟ್ಟು ಡಪ್ಪಿಗೆ ಮರಳಿತು. ಪಿಸುಮಾತಿಗಿಂತ ತುಸುವೇ ದೊಡ್ಡ ದನಿಯಲ್ಲಿ ಹಾಡಿದಳು. ಅದನ್ನು ಕೇಳಲೆಂದೇ ಬಯಲು ಉಸಿರು ಹಿಡಿಯಿತು.

"ಬೀಜ ನಂದು ಅಂತಿ ಅಣ್ಣಾ, ಖರೇ ಐತಿ ನಿನ್ನ ಮಾತ,
ಸುಗ್ಗಿಯಿಂದ ಬಿತ್ತೂತನಕ ಅದನ ಕಾಯ್ದವರ್ಯಾರ?
ಹಸದ ಮಕ್ಕಳು ಅತ್ತರೂನು ಬೂದಿ ಹಚ್ಚಿ ಮುಚ್ಚಿಟ್ಟ
ಕೈಯ ಮರತಿಯೇನ?"

ಅಲ್ಲಿದ್ದ ಪ್ರತಿಯೊಬ್ಬ ಗಂಡಸೂ ಆ ಕೈಯನ್ನು ತನ್ನ ಮನೆಯಲ್ಲಿ ಕಂಡವನೇ. ಸಿಳ್ಳೆ ನಿಂತಿತು. ಎದುರಾಳಿ ತನ್ನ ಡಪ್ಪನ್ನು ನೆಲಕ್ಕಿಳಿಸಿ, ಅದರ ಗೊಂಡೆ ಬಿಚ್ಚಿ ಅವಳ ಕೈಗಿಟ್ಟು ಕೈಮುಗಿದ.

ನೀಲವ್ವ ಮತ್ತೆ ಸವಾಲಿಗೆ ನಿಂತದ್ದನ್ನು ನಾನು ಕೇಳಲಿಲ್ಲ. ಒಡೆದ ದನಿ ಕೂಡಲಿಲ್ಲವೆಂದು ಜನ ಹೇಳುತ್ತಿದ್ದರು. ಮೆಚ್ಚುವುದೆಂದರೆ ಬೊಗಸೆಯೊಡ್ಡಿ ಪಡೆಯುವುದಷ್ಟೇ ಎಂದು ತಿಳಿದಿದ್ದವಳು ನಾನು. ಪಡೆದದ್ದನ್ನು ಮರಳಿ ಕೊಡುವ ಗಳಿಗೆಯೂ ಒಮ್ಮೊಮ್ಮೆ ಬರುತ್ತದೆ, ಬಂದಾಗ ಅದು ಯಾರನ್ನೂ ಕಾಯುವುದಿಲ್ಲ.

ಮರಳುವ ದಾರಿಯಲ್ಲಿ ಮಾವನವರು ತುಟಿ ಬಿಚ್ಚಲಿಲ್ಲ. ಕಪ್ಪು ಮಣ್ಣಿನ ಎರಿಹೊಲಗಳ ನಡುವೆ ಗಾಲಿಯ ಸದ್ದೊಂದೇ. ಇನ್ನು ನಮಗೆ ಹೊಸ್ತಿಲೇ ಗಡಿ ಎಂದುಕೊಂಡೆ. ಅರ್ಧ ದಾರಿಗೆ ಬಂಡಿ ನಿಲ್ಲಿಸಿ, ತಿರುಗದೆಯೇ ಅವರೆಂದರು: "ಮುಂದ ಕುಂತಿದ್ನಲ್ಲಾ, ನಿನ್ನ ದನಿ ಚಲೋ ಕೇಳಲಿಲ್ಲ. ಇನ್ನೊಮ್ಮೆ ಹೇಳು."

ಕತ್ತಲಲ್ಲಿ ಅತ್ತೆ ಸೆರಗು ಸರಿಪಡಿಸಿಕೊಂಡರು. ಆಮೇಲೆ, "ಅದು ಒಬ್ಬಾಕಿ ಹಾಡೂದಲ್ರಿ" ಎಂದು ನನ್ನ ಕೈ ಹಿಡಿದರು.

ಈ ಸಲ ಸೊಲ್ಲು ಮೊದಲು ಎತ್ತಿದವಳು ನಾನು.