ಎಡೆಗೆ ಮುಂಚಿನ ಬೆಲ್ಲ

"ನಾ ಉಚ್ಚಿ ಹೊಯ್ದಲ್ಲಿ ಇರುವಿ ಮುತ್ತತಾವ್ರಿ, ಸಿಸ್ಟರ್."

ಹೊಸಪೇಟೆಯ ಆಸ್ಪತ್ರೆಗೆ ನಾನು ನರ್ಸಾಗಿ ಬಂದ ಹೊಸದರಲ್ಲೇ ರೋಗಿ ಹನುಮಕ್ಕ ತನ್ನ ಸಕ್ಕರೆ ಕಾಯಿಲೆಯನ್ನು ಹೀಗೆ ಹೇಳಿದಾಗ ಕುಂದಾಪುರದವಳು ಕಕ್ಕಾಬಿಕ್ಕಿಯಾದೆ. ನಮ್ಮೂರಲ್ಲಿ ಇಂಥದ್ದನ್ನು ಹೆಂಗಸರು ಕಿವಿಯಲ್ಲಿ ಪಿಸುಗುಟ್ಟುತ್ತಾರೆ. ಇಲ್ಲಿ ಇಡೀ ವಾರ್ಡಿಗೆ ಸಾರುತ್ತಾರೆ!

ಎಪ್ಪತ್ತರ ದಶಕ ಅದು. ಕಾಲುವೆ ಹರಿದಲ್ಲೆಲ್ಲ ಕಬ್ಬು. ನನ್ನ ಬಾಡಿಗೆ ಕೋಣೆಯಲ್ಲಿ ಮಾತ್ರ ಸೆಕೆ ಮತ್ತು ನಾನು. ಕುಚ್ಚಲಕ್ಕಿ ಗಂಜಿ ನೆನೆದು ಅಳು ಬರುತ್ತಿತ್ತು. ಖಡಕ್ ಜೋಳದ ರೊಟ್ಟಿ ನನ್ನ ಹಲ್ಲಿಗೆ ಬಗ್ಗುತ್ತಿರಲಿಲ್ಲ. ಹಾಲಿನಲ್ಲಿ ನೆನೆಸಿ ತಿನ್ನಲು ಹನುಮಕ್ಕ ಕಲಿಸಿದಳು. ಸೂಜಿ ಚುಚ್ಚಿಕೊಳ್ಳಲು ನಾನು ಅವಳಿಗೆ ಕಲಿಸಿದೆ. ಗಾಜಿನ ಸಿರಿಂಜ್ ಕುದಿಸುವುದು, ಇನ್ಸುಲಿನ್ ಬಾಟಲಿಯನ್ನು ಒದ್ದೆ ಮರಳಿನ ಗಡಿಗೆಯಲ್ಲಿ ತಂಪಾಗಿಡುವುದು, ಎಲ್ಲ ಕಲಿತಳು. ಸೂಜಿ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ಇಳಿದು ಜೀವಕ್ಕೇ ಅಪಾಯ, ಕೈ ನಡುಗಿದರೆ ತಕ್ಷಣ ಬೆಲ್ಲ ತಿನ್ನಬೇಕು ಎಂದು ಮತ್ತೆ ಮತ್ತೆ ಹೇಳಿದ್ದೆ.

ಒಂದು ಬೆಳಿಗ್ಗೆ ಕಂಪ್ಲಿಯಲ್ಲಿದ್ದ ಹನುಮಕ್ಕನ ಮನೆಯವರ ಆಲೆಮನೆಗೆ ಹೋದೆ. ಆ ವರ್ಷದ ಮೊದಲ ಬೆಲ್ಲ. ದೇವರಿಗೆ ಎಡೆಯಾಗುವ ತನಕ ಮನೆಮಂದಿ ಏನೂ ತಿನ್ನುವಂತಿಲ್ಲ. ಅಚ್ಚಿನಲ್ಲಿ ಬೆಲ್ಲ ಆರುತ್ತಿತ್ತು. ಪೂಜೆ ಮಾಡಬೇಕಾದ ಅವಳ ಮಾವ ಹೊಳೆಗೆ ಸ್ನಾನಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ಹನುಮಕ್ಕ ಸೂಜಿ ತೆಗೆದುಕೊಂಡು ಬಹಳ ಹೊತ್ತಾಗಿತ್ತು.

ಒಲೆಯ ಮುಂದೆ ಎಲ್ಲರೂ ಬೆವರುತ್ತಿದ್ದರು. ಅವಳ ಕೈ ಮಾತ್ರ ನಡುಗುತ್ತಿತ್ತು.

"ಹನುಮಕ್ಕಾ, ಬೆಲ್ಲ ತಿನ್ನಿ!" ಎಂದು ಓಡಿದೆ.

ಅವಳ ಅತ್ತೆ ಅಡ್ಡ ನಿಂತರು. "ಎಡಿ ಆಗ್ಲಿ, ತಡೀರಿ. ಸಕ್ಕರಿ ಬ್ಯಾನಿ ಇದ್ದಾಕಿಗೆ ಬೆಲ್ಲ ವಿಷ ಅಲ್ಲೇನ್ರಿ?"

ಹನುಮಕ್ಕನ ನಾಲಿಗೆ ತೊದಲುತ್ತಿತ್ತು. "ಅತ್ತಿ, ಈಗ ಇದ ನನಗ ಔಷಧ. ನನ್ನ ಮೈ ನನಗ ಗೊತ್ತೈತಿ. ದೇವ್ರು ತಡೀತಾನ, ಇದು ತಡ್ಯಂಗಿಲ್ಲ."

ಎಡೆಯ ಅಚ್ಚಿಗೇ ಕೈಹಾಕಿ ಮುರಿದು ಬಾಯಿಗಿಟ್ಟುಕೊಂಡಳು. ನಾನು ನಾಡಿ ಹಿಡಿದು ಕೂತೆ. ನಡುಕ ನಿಧಾನವಾಗಿ ನಿಂತಿತು.

"ಈಗ ರೊಟ್ಟಿ ಬೇಕು" ಎಂದಳು. ಬೆಲ್ಲದ ಹಿಂದೆಯೇ ಊಟವೂ ಬೇಕೆಂಬುದನ್ನು ಅವಳು ಮರೆತಿರಲಿಲ್ಲ. ನನಗೆ ತಡೆಯಲಾರದೆ ಅಳು ಬಂತು.

ಅತ್ತೆ ನನ್ನ ಮೇಲೆಯೇ ಹರಿಹಾಯ್ದರು. "ಅಳಾಕ ನಿಂತೀಯೇನಬೇ? ಬುಟ್ಟ್ಯಾಗ ರೊಟ್ಟಿ ಐತಿ, ಜಲ್ದಿ ತಾ!"

ಅಲ್ಲಿಯವರೆಗೆ ನನಗೆ ಮರ್ಯಾದೆ ಕೊಟ್ಟೇ ಮಾತಾಡಿದ್ದವರು ಮನೆಮಗಳನ್ನು ಗದರಿದಂತೆ ಗದರಿದರು. ಹಿತವಾಯಿತು.

ರಜೆಯಲ್ಲಿ ಕುಂದಾಪುರಕ್ಕೆ ಹೋದೆ. ಅಮ್ಮ ಜಗಲಿಯಲ್ಲೇ ಕೂರಿಸಿ ಬೆಲ್ಲ, ನೀರು ತಂದಿಟ್ಟಳು. ನಮ್ಮಲ್ಲಿ ಅದು ಮನೆಗೆ ಬಂದ ನೆಂಟರಿಗೆ ಕೊಡುವುದು, ಮನೆಮಗಳಿಗಲ್ಲ. ಬೆಲ್ಲ ಬಾಯಿಗಿಟ್ಟುಕೊಂಡೆ. ಹನುಮಕ್ಕ ಇವತ್ತು ಹೊತ್ತಿಗೆ ಸರಿಯಾಗಿ ಉಂಡಳೋ ಇಲ್ಲವೋ ಎಂಬ ಯೋಚನೆ ಹತ್ತಿತು.