ಎತ್ತಿನ ಮೋಟಾರಿನ ಅಡುಗೆಮನೆ

ನಮ್ಮ ಮಾವನವರಿಗೆ ಎರಡು ಹೆಮ್ಮೆಗಳಿದ್ದವು. ಒಂದು, ಮಳವಳ್ಳಿ ಸೀಮೆಯ ರೈತರಲ್ಲಿ ಸ್ವಂತ ಮೋಟಾರು ವ್ಯಾನು ಕೊಂಡವರು ತಾವೊಬ್ಬರೇ ಎಂಬುದು. ಇನ್ನೊಂದು, ಆಡಿದ ಮಾತನ್ನು ತಾವು ಯಾವತ್ತೂ ಹಿಂದಕ್ಕೆ ತೆಗೆದುಕೊಂಡವರಲ್ಲ ಎಂಬುದು. ಮೊದಲನೆಯದನ್ನು ಯುದ್ಧ ಮುರಿಯಿತು. ಎರಡನೆಯದನ್ನು ಮುರಿದವಳು ನಾನು. ಇಷ್ಟು ವರ್ಷದ ಮೇಲೆ ಒಪ್ಪಿಕೊಂಡರೆ ಯಾರೂ ನನ್ನನ್ನು ಮನೆಯಿಂದ ಓಡಿಸಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ವ್ಯಾನು ಬಂದದ್ದು ಮದ್ದೂರಿಗೆ ಬೆಲ್ಲ ಸಾಗಿಸಲು. ಅದು ಬಂದ ಎರಡನೆಯ ವರ್ಷಕ್ಕೆ ಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ನು ಬಂತು. ಹಿತ್ತಿಲಲ್ಲಿ ನಿಂತ ವ್ಯಾನಿನೊಳಗೆ ಕೋಳಿಗಳು ಮೊಟ್ಟೆ ಇಡತೊಡಗಿದವು. ಮಾವನವರು ಸ್ವಲ್ಪ ದಿನ ನೋಡಿ, ಎಂಜಿನ್ನು ಬಿಚ್ಚಿಸಿ, ಮುಂದಕ್ಕೆ ಮೂಕಿ ಕಟ್ಟಿಸಿ ಎತ್ತು ಹೂಡಿಸಿದರು. ಹಾರನ್ನು ಮಾತ್ರ ತೆಗೆಸಲಿಲ್ಲ. ದಾರಿಯಲ್ಲಿ ಎಮ್ಮೆ ಅಡ್ಡ ಬಂದರೆ ಮುಂದಿನ ಸೀಟಿನಲ್ಲಿ ಕೂತು ಅದರ ರಬ್ಬರು ಬುರುಡೆ ಹಿಸುಕುತ್ತಿದ್ದರು. ಎಮ್ಮೆ ಜಗ್ಗುತ್ತಿರಲಿಲ್ಲ, ನಮ್ಮ ಎತ್ತುಗಳೇ ಬೆದರುತ್ತಿದ್ದವು. ಊರವರು ಅದಕ್ಕೆ ಎತ್ತಿನ ಮೋಟಾರು ಎಂದು ಹೆಸರಿಟ್ಟರು.

ಇನ್ನು ಮಾವನವರ ಮಾತಿನ ಕಥೆ. ನನ್ನ ತವರು ಕೊಕ್ಕರೆ ಬೆಳ್ಳೂರಿನ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಬೇಸಾಯವನ್ನೂ ಮನೆಯನ್ನೂ ಅವ್ವ ಒಬ್ಬಳೇ ನಡೆಸಿದವಳು. ನನ್ನ ಮದುವೆಯ ಬೀಗರೂಟದಲ್ಲಿ ಬಡಿಸುವವರು ಅವಸರಕ್ಕೆ ಮಾವನವರ ಎಲೆಗೆ ಬರೀ ಮೂಳೆ ಹಾಕಿ ಮುಂದೆ ಹೋದರು. ಪಕ್ಕದ ಎಲೆಯಲ್ಲಿ ಈಲಿಯ ಮೆತ್ತನೆ ತುಂಡುಗಳಿದ್ದವು. ಅಷ್ಟೇ ಆದದ್ದು. ಮಾವನವರು ಎದ್ದು ನಿಂತು, "ಇನ್ನು ನಾನು ಈ ಮನೆ ಹೊಸ್ತಿಲು ದಾಟಿ ಒಂದು ತುತ್ತು ತಿಂದ್ರೆ ನಮ್ಮಪ್ಪನಿಗೆ ಉಟ್ಟಿದೋನಲ್ಲ" ಅಂದುಬಿಟ್ಟರು. ಅವರು ಹೋಗದ ಮನೆಗೆ ಸೊಸೆಯೂ ಹೋಗುವಂತಿಲ್ಲ. ಎರಡು ವರ್ಷ ನಾನು ತವರಿನ ಮುಖ ನೋಡಲಿಲ್ಲ.

ಅಷ್ಟರಲ್ಲಿ ನನ್ನ ತಮ್ಮನ ಮದುವೆ ಗೊತ್ತಾಯಿತು. ಕಳಸ ಹಿಡಿಯಬೇಕಾದವಳು ನಾನು, ಬೇರೆ ಅಕ್ಕತಂಗಿಯರಿಲ್ಲ. ನಾನು ಅತ್ತು ಕರೆದು ಮಾಡಲಿಲ್ಲ, ಆದರೆ ಒಂದು ವಾರ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ಒಲೆಯ ಅಧಿಕಾರವೆಲ್ಲ ನನ್ನದೇ. ಎಂಟನೆಯ ದಿನ ನನ್ನ ಗಂಡ ಒಂದು ಉಪಾಯ ತಂದರು.

"ಅಪ್ಪಾ, ವ್ಯಾನೊಳಗೆ ಒಂದು ಅಡಿಗೆಮನೆ ಕಟ್ತೀನಿ. ನಮ್ ಒಲೆ, ನಮ್ ಇಟ್ಟು. ಅವ್ರ ಬಾಗ್ಲಲ್ಲಿ ಗಾಡಿ ನಿಲ್ಸಿ ಅಲ್ಲೇ ಮಾಡ್ಕಂಡು ಉಣ್ಣವ. ನಿನ್ ಮಾತೂ ಉಳೀತದೆ, ಇವ್ಳ ಕಳಸಾನೂ ಆಯ್ತದೆ."

ಮಾವನವರು ಮೀಸೆ ತೀಡಿಕೊಂಡು ಒಪ್ಪಿದರು. ಬೀಗರ ಬಾಗಿಲಲ್ಲೇ ಕೂತು ಬೀಗರ ಅನ್ನ ಬೇಡ ಅನ್ನುವ ಸುಖ ಅವರಿಗೂ ಹಿಡಿಸಿರಬೇಕು.

ವ್ಯಾನು ಖಾಲಿ ಇದ್ದರೂ ಎತ್ತುಗಳು ನಾಲಿಗೆ ಚಾಚುತ್ತಿದ್ದವು, ಅದಕ್ಕೆ ಅಡುಗೆಮನೆ ಹಗುರವಾಗಿರಬೇಕಿತ್ತು. ಮದುವೆ ಮುಗಿದ ಮೇಲೆ ಬೆಲ್ಲ ತುಂಬಬೇಕಾದ್ದರಿಂದ ಕಳಚಿ ಇಳಿಸುವಂತೆಯೂ ಇರಬೇಕಿತ್ತು. ನನ್ನ ಗಂಡ ಹದಿನೈದು ದಿನ ಅದರ ಹಿಂದೆ ಬಿದ್ದರು. ಬಿದಿರಿನ ದಬ್ಬೆಯ ಚೌಕಟ್ಟು. ಮಂಡ್ಯದ ಅಂಗಡಿಯಿಂದ ತಂದ ಟೀ ಪೆಟ್ಟಿಗೆಯ ತೆಳು ಹಲಗೆ. ಸೀಮೆಎಣ್ಣೆ ಡಬ್ಬ ಕತ್ತರಿಸಿ, ಒಳಗೆ ಮಣ್ಣು ಮೆತ್ತಿ ಮಾಡಿದ ಎರಡು ಇದ್ದಿಲ ಒಲೆ. ಪಾತ್ರೆ ಅಲ್ಲಾಡದಂತೆ ಕೂರಲು ತಂತಿಯ ಬಳೆ. ಉಪ್ಪು, ಖಾರ, ಹಿಟ್ಟಿಗೆ ಬಿಸ್ಕತ್ತಿನ ಡಬ್ಬಗಳು. ಮಡಿಸುವ ನಾಲ್ಕು ಕಾಲು. ಎರಡು ಗೂಟ ಎಳೆದರೆ ಇಡೀ ಅಡುಗೆಮನೆ ವ್ಯಾನಿನಿಂದ ಜಾರಿ ಹೊರಗೆ ಬರುತ್ತಿತ್ತು. ಅದನ್ನು ಒಂದೇ ಕೈಯಲ್ಲಿ ಎತ್ತಿ ಬೀದಿಯಲ್ಲಿ ಹೋಗುವವರಿಗೆಲ್ಲ ತೋರಿಸುತ್ತಿದ್ದರು. "ಇದೇನ್ಲಾ, ಅಡಿಗೆಮನೇನೋ ಗುಬ್ಬಿ ಗೂಡೋ?" ಅಂತ ಯಾರೋ ಕೇಳಿದ್ದಕ್ಕೆ ಎರಡು ದಿನ ಅವರ ಜೊತೆ ಮಾತು ಬಿಟ್ಟರು.

"ಇನ್ಮೇಲೆ ನೀನು ನೆಲ್ದಲ್ಲಿ ಕುಕ್ಕರಗಾಲಲ್ಲಿ ಕೂರಂಗಿಲ್ಲ ಕಣೆ. ನಿಂತ್ಕಂಡೇ ಅಡಿಗೆ" ಅಂದರು ನನಗೆ.

ನಾನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಹಿಟ್ಟು ತಿರುವುವುದೆಂದರೆ ಹುಡುಗಾಟವಲ್ಲ. ಕುದಿಯುವ ನೀರಿಗೆ ರಾಗಿ ಹಿಟ್ಟು ಬಿದ್ದು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಅದು ತಿರುಗದಂತೆ ಕವೆಗೋಲು ಕೊಟ್ಟು, ಕವೆಗೋಲಿನ ತುದಿಯನ್ನು ಕಾಲಲ್ಲಿ ಮೆಟ್ಟಿ, ಎರಡು ಕೈಯಲ್ಲಿ ದೊಣ್ಣೆ ಹಿಡಿದು ಮೈಭಾರವನ್ನೆಲ್ಲ ಬಿಟ್ಟು ತಿರುವಬೇಕು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮುಖಕ್ಕಿಂತ ಮೊದಲು ತೋಳು ನೋಡುವುದು ಸುಮ್ಮನೆ ಅಲ್ಲ. ಆ ದಬ್ಬೆಯ ಕಾಲುಗಳು ಅನ್ನಕ್ಕೆ ಸರಿ, ಕಾಫಿಗೆ ಸರಿ, ಹಿಟ್ಟಿಗೆ ಮಾತ್ರ ಆಗುವಂಥವಲ್ಲ. ನಮ್ಮ ಮನೆಯ ಗಂಡಸರು ಹಲ್ಲು ಬಂದಾಗಿನಿಂದ ದಿನಕ್ಕೆರಡು ಮುದ್ದೆ ನುಂಗಿದವರು. ಅದು ಹೇಗೆ ಗುಂಡಗಾಗುತ್ತದೆ ಎಂದು ಒಂದು ದಿನವೂ ಒಳಗೆ ಬಂದು ನೋಡಿದವರಲ್ಲ. ನನ್ನನ್ನೂ ಕೇಳಲಿಲ್ಲ.

ಕೇಳಿದ್ದರೂ ಹೇಳುತ್ತಿರಲಿಲ್ಲ. ಆ ಅಡುಗೆಮನೆ ಪೆಟ್ಟಿಗೆ ಗೆದ್ದರೆ ನಾನು ಕಳಸ ಹಿಡಿಯಬಹುದಿತ್ತು, ಆದರೆ ಮದುವೆ ಮನೆಯ ಬಾಗಿಲಲ್ಲೇ ಬೀಗರು ಬೇರೆ ಒಲೆ ಹೂಡಿದರೆ ಅವ್ವ ಊರೊಳಗೆ ತಲೆಯೆತ್ತುವುದು ಹೇಗೆ? ಮುಂದೆ ಹಬ್ಬಕ್ಕೆ, ಹೆರಿಗೆಗೆ ಎಲ್ಲದಕ್ಕೂ ಆ ಪೆಟ್ಟಿಗೆಯೇ ನನ್ನ ಹಿಂದೆ ತವರಿಗೆ ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಮಾವನವರು ಅವ್ವನ ಕೈಯ ತುತ್ತು ತಿನ್ನುವುದು. ಅವರು ಹಸಿವೆಗೆ ಬಿಟ್ಟರೆ ಇನ್ಯಾವುದಕ್ಕೂ ಬಗ್ಗುವವರಲ್ಲ. ಅದಕ್ಕೆ ಹಿತ್ತಿಲಲ್ಲಿ ಒಲೆ ಹೊತ್ತಿಸಿ ನೋಡುವ ಪರೀಕ್ಷೆಯ ದಿನ ನಾನೇ ಬಾಯಿ ಹಾಕಿ, "ಮೊದಲ್ನೇ ದಿನ ಕಣಿ ಮಾವ, ಸುಭಕ್ಕೆ ಅನ್ನ ಮಾಡವ" ಅಂದೆ. ಅನ್ನ ಮಲ್ಲಿಗೆಯಂತೆ ಅರಳಿತು. ನನ್ನ ಗಂಡ ಕೊಕ್ಕರೆಯ ಹಾಗೆ ಕತ್ತು ಉದ್ದ ಮಾಡಿ ಓಡಾಡಿದರು.

ಮದುವೆಯ ಹಿಂದಿನ ದಿನ ಹೊರಟು ಹಗಲೂಟದ ಹೊತ್ತಿಗೆ ತವರಿನ ಬೀದಿಗೆ ಬಂದೆವು. ಮಾವನವರು ಹಾರನ್ನು ಹೊಡೆದದ್ದಕ್ಕೆ ಹುಣಿಸೆ ಮರದ ಹಕ್ಕಿಗಳೆಲ್ಲ ಎದ್ದು, ವ್ಯಾನಿನ ನೆತ್ತಿಯ ಮೇಲೆ ಸುಣ್ಣ ಬಳಿದು ಹೋದವು. ಅವ್ವ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟಳು. ಮಾವನವರು ಕಾಲು ತೊಳೆದುಕೊಂಡರು, ಒಳಕ್ಕೆ ಹೋಗಲಿಲ್ಲ. ನನ್ನ ಗಂಡ ಗೂಟ ಎಳೆದು, ಕಾಲು ಬಿಚ್ಚಿ, ಅಡುಗೆಮನೆಯನ್ನು ಬೀದಿಯಲ್ಲಿ ನಿಲ್ಲಿಸಿದರು. ಚಪ್ಪರ ಕಟ್ಟುತ್ತಿದ್ದವರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಅವ್ವ ಖಾಲಿ ಚೊಂಬು ಹಿಡಿದು ಬಾಗಿಲಲ್ಲೇ ನಿಂತಳು. ಅವಳ ಮುಖ ನೋಡಲಾಗದೆ ನಾನು ಒಲೆಗೆ ಇದ್ದಿಲು ತುಂಬತೊಡಗಿದೆ.

ಒಂದು ಒಲೆಯ ಮೇಲೆ ಹುರುಳಿಕಾಳು ಸಾರು ಇಟ್ಟೆ, ಇನ್ನೊಂದರ ಮೇಲೆ ಹಿಟ್ಟು. ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕೆ ಇಳಿಸಬಹುದಿತ್ತು. ಇಳಿಸಲಿಲ್ಲ. ಗಂಡ ಹೇಳಿದಂತೆ ನಿಂತುಕೊಂಡೇ, ಸೆರಗು ಸಿಕ್ಕಿಸಿ, ದೊಣ್ಣೆ ಹಾಕಿದೆ. ಮೊದಲ ತಿರುವಿಗೆ ಚೌಕಟ್ಟು ಕಿರ್ರೆಂದಿತು. ಎರಡನೆಯದಕ್ಕೆ ನಾಲ್ಕು ಕಾಲುಗಳೂ ಆಗತಾನೆ ಹುಟ್ಟಿದ ಕರುವಿನ ಕಾಲಿನಂತೆ ಅಗಲಿಸಿಕೊಂಡವು. ಮೂರನೆಯದಕ್ಕೆ ತಂತಿಯ ಬಳೆ ಕಿತ್ತು, ಹಿಟ್ಟಿನ ಪಾತ್ರೆ ಸಾರಿನ ಪಾತ್ರೆಯ ಮೇಲೆ ಬಿದ್ದು, ಸಾರು ಇದ್ದಿಲಿನ ಮೇಲೆ ಚೆಲ್ಲಿ, ಹೊಗೆಯೆದ್ದಿತು. ಹೊಗೆ ಕಳೆದಾಗ ನನ್ನ ಗಂಡ ಒಂದು ದಬ್ಬೆ ಹಿಡಿದು ನಿಂತಿದ್ದರು. ಜನ ನಕ್ಕರು. ಮಾವನವರು ಹಸಿದು ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದರು.

ಈಗ ಅವ್ವ ಒಳಗೆ ಕರೆಯುತ್ತಾಳೆ, ಇವರು ಬರುತ್ತಾರೆ ಎಂದು ನಾನು ಕಾದೆ. ಅವ್ವ ಕರೆಯಲಿಲ್ಲ. ಬೇಲಿಯ ಪಕ್ಕದಿಂದ ಮೂರು ಕಲ್ಲು ಉರುಳಿಸಿಕೊಂಡು ಬಂದು ಬೀದಿಯಲ್ಲೇ ಒಲೆ ಹೂಡಿದಳು. ನನ್ನ ಪಕ್ಕ ಬಗ್ಗಿದವಳು ತೊಡೆ ಚಿವುಟಿ, "ನೆಲುಕ್ಕೆ ಇಳುಸ್ಕಳಕೆ ನಿಂಗೇನಾಗಿತ್ತೆ ದೊಡ್ಡರೋಗ? ಇರಿಯರ ಮರ್ವಾದೆ ಕಳೀತೀಯ?" ಎಂದು ಹಲ್ಲು ಕಚ್ಚಿ ಕೇಳಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಮಾವನವರಿಗೆ ಹೇಳಿದಳು.

"ಅಣ್ಣಾ, ಕಲ್ಲು ಬೀದೀವು, ಇಟ್ಟು ನೀವು ತಂದಿದ್ದು. ತಿರುವಾ ಕೈ ಮಾತ್ರ ನಂದು. ಆಯ್ತದಾ?"

ಮಾವನವರು ಆಕಾಶ ನೋಡಿ, "ಆಯ್ತದೆ ಬುಡವ್ವ" ಅಂದರು.

ನನಗೆ ನಾಚಿಕೆಯಾಯಿತು. ನಾನು ಅವರನ್ನು ಹಸಿವೆಯಿಂದ ಬಗ್ಗಿಸಲು ಹೊರಟಿದ್ದೆ. ಅವ್ವ ಅವರ ಮಾತನ್ನೇ ಕಾಪಾಡಲು ಹೊರಟಿದ್ದಳು, ಅದೂ ತನ್ನ ಬಾಗಿಲಲ್ಲಿ ತನಗೇ ಅವಮಾನ ಮಾಡಲು ಬಂದವರ ಮಾತನ್ನು. ಕವೆಗೋಲು ಮೆಟ್ಟಿ ಅವಳು ಹಿಟ್ಟು ತಿರುವಿದಳು, ಕೈ ಒದ್ದೆ ಮಾಡಿಕೊಂಡು ಕಟ್ಟಿದಳು. ಹೊಳೆಯುವ ಮುದ್ದೆ ಮಾವನವರ ಎಲೆಗೆ ಬಂತು. ಅವರು ಒಂದು ತುತ್ತು ಮುರಿದು ಅತ್ತಿತ್ತ ನೋಡಿದರು. ಸಾರಿಲ್ಲ. ಮುದ್ದೆಯನ್ನು ಅಗಿದು ತಿನ್ನಲು ಅವರೇನೂ ಪಟ್ಟಣದವರಲ್ಲ.

"ಸಾರು ಒಳಗದೆ, ಅಣ್ಣಾ" ಅಂದಳು ಅವ್ವ. "ಹೊಸ್ತಿಲು ದಾಟ್ಕಂಡು ಬರಬೇಕು. ತರ್ಲಾ, ಬ್ಯಾಡ್ವಾ?"

ಮಾವನವರು ಬೆರಳ ಮೇಲಿನ ತುತ್ತನ್ನು ನೋಡಿದರು, ಹೊಸ್ತಿಲನ್ನು ನೋಡಿದರು. ಬಿಸಿ ಆರುತ್ತಿತ್ತು.

"ನಾನು ದಾಟಲ್ಲ ಅಂದಿದ್ದೆ" ಅಂದರು ಕೊನೆಗೆ. "ಸಾರು ದಾಟಬಾರ್ದು ಅಂತ ಎಲ್ಲೂ ಏಳಿಲ್ಲ."

ಅವತ್ತು ಅವರು ಮೂರು ಮುದ್ದೆ ನುಂಗಿದರು. ಮಾರನೆಯ ದಿನ ನಾನು ಕಳಸ ಹಿಡಿದೆ. ಊಟಕ್ಕೆ ಅವ್ವ ಅವರ ಎಲೆಯನ್ನು ಹೊರಗೆ ಜಗಲಿಯ ಮೇಲೇ ಹಾಕಿಸಿದ್ದಳು. ಅವರು ಎಲೆಯನ್ನು ತಾವೇ ಎತ್ತಿಕೊಂಡು ಒಳಗೆ ಹೋಗಿ ಮೊದಲ ಸಾಲಿನಲ್ಲಿ ಕೂತು, "ಬಿಸ್ಲು ಕಣವ್ವ" ಅಂದರು. ಜಗಲಿಯ ಮೇಲೂ ಚಪ್ಪರದ ನೆರಳಿತ್ತು. ಹೊರಡುವಾಗ, ಬರುವ ಹಬ್ಬಕ್ಕೆ ಸೊಸೆಯನ್ನು ಎಂಟು ದಿನ ಮುಂಚೆಯೇ ಕಳಿಸುತ್ತೇನೆ ಎಂದು ಯಾರೂ ಕೇಳದೆಯೇ ಹೇಳಿದರು. ಅವರು ಹೇಳಿದ ಮೇಲೆ ಮುಗಿಯಿತು.

ವಾಪಸು ಬರುವಾಗ ಮಾವನವರು ಹಿಂದೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ನಾನೂ ನನ್ನ ಗಂಡನೂ ಮುಂದಿನ ಸೀಟಿನಲ್ಲಿ. ಎರಡು ದಿನದಿಂದ ಅವರು ಮಾತೇ ಆಡಿರಲಿಲ್ಲ. ತವರಿನ ಬೀದಿಯವರು ಅವರನ್ನು ನೋಡಿದಾಗಲೆಲ್ಲ ನಕ್ಕಿದ್ದರು. ಹದಿನೈದು ದಿನ ಕೈ ಗಾಯ ಮಾಡಿಕೊಂಡು ಅವರು ಆ ಪೆಟ್ಟಿಗೆ ಕಟ್ಟಿದ್ದು ನನ್ನನ್ನು ತವರಿಗೆ ಕರೆದೊಯ್ಯಲೆಂದೇ, ಅದನ್ನು ಯೋಚಿಸಿದಷ್ಟೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮದ್ದೂರು ಹತ್ತಿರವಾದಾಗ ತಡೆಯಲಾರದೆ ಹೇಳಿಬಿಟ್ಟೆ. "ಅದು ಮುರೀತದೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಬೇಕೂಂತಲೇ ಬಾಯಿ ಮುಚ್ಕಂಡಿದ್ದೆ."

ಅವರು ಹಗ್ಗ ಸಡಿಲ ಬಿಟ್ಟರು. ಎತ್ತುಗಳು ತಾವಾಗಿಯೇ ನಿಂತವು. ಹಿಂದೆ ತಿರುಗಿ ಅಪ್ಪನ ಗೊರಕೆ ಕೇಳಿಸಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು. ಬೈಯುತ್ತಾರೆ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಮೊದ್ಲೇ ನಂಗೆ ಏಳ್ಬಾರ್ದಿತ್ತೇನೆ?" ಅಂದರು. "ಒಂದೇ ತಿರುವಿಗೆ ಬೀಳಂಗೆ ಮಾಡ್ಕೊಡ್ತಿದ್ದೆ."